ಮಂಡಿಯೂರಿದ ಸುಬ್ಬಣ್ಣ

...ಮಂಡಿಯ ಮೇಲೆ ತಿರುಗಿದ್ದು ಐದು ಸುತ್ತು ಇರಬಹುದು. ಪಕ್ಕದಲ್ಲಿ ಕೂತಿದ್ದ ಅಕ್ಕ ಒಂಬತ್ತು ಎನ್ನುತ್ತಾಳೆ, ನನ್ನ ನೆನಪನ್ನು ನಾನೇ ಅಷ್ಟು ನಂಬುವುದಿಲ್ಲ. ಆದರೆ ಯಕ್ಷಗಾನದ ಹಿರಿಯ ವೇಷಧಾರಿ ಸುಬ್ಬಣ್ಣ ಊರುಗೋಲನ್ನು ಬದಿಗಿಟ್ಟು ವೇದಿಕೆಯ ಮೇಲೆ ಮಂಡಿಯೂರಿದ್ದು ನಿಜ.

ಸಾಗರದಲ್ಲಿ ಎಲ್ಲರಿಗೂ ತೆರೆದಿರುವ ಬಿಸಿನೀರಿನ ಚಿಕಿತ್ಸಾ ಕೊಳ ಕಟ್ಟಲು ನಾವು ಏರ್ಪಡಿಸಿದ್ದ ಸಹಾಯಾರ್ಥ ಯಕ್ಷಗಾನದ ಆಟ ಅದು. ಕೀಲುನೋವಿನವರು ಅಂಥ ನೀರಿನಲ್ಲಿ ಸಲೀಸಾಗಿ ನಡೆದಾಡಬಹುದು. ಸುಬ್ಬಣ್ಣನವರನ್ನು ಕರೆದಿದ್ದು ಬರೀ ಶಾಲು ಹೊದಿಸುವುದಕ್ಕೆ. ಮಂಡಿಯ ಮೇಲೆ ಗಿರಗಿರನೆ ತಿರುಗುವ ಕುಣಿತಕ್ಕೆ ಹೆಸರಾದವರು ಅವರು. ಅದರಿಂದಲೇ ಈಗ ಮೆಟ್ಟಿಲು ಹತ್ತಲಾರರು.

ಆಗಷ್ಟೇ ಹಣ ಕೇಳಿ ಭಾಷಣ ಮುಗಿಸಿ ಕೂತಿದ್ದ ನಾನು ಓಡಿಹೋಗಿ ಅವರ ತೋಳು ಹಿಡಿದೆ.

"ಬಿಡಿ ಮಾರಾಯ್ರೆ. ನಿಮ್ಮ ಭಾಷಣ ಕೇಳಿ ಅರ್ಧ ಜನ ನಿದ್ದೆ ಹೋದ್ರು. ಮಂಡಿ ಹಾಳಾಗೋದು ಹೇಗೆ ಅಂತ ಒಂದ್ಸಲ ನೋಡ್ಲಿ."

ಭಾಗವತರು ಹಾಡಲು ಒಪ್ಪಲಿಲ್ಲ. ಸುಬ್ಬಣ್ಣ ತಾವೇ ಬಾಯಲ್ಲಿ ತಾಳ ಹೇಳುತ್ತಾ ತಿರುಗತೊಡಗಿದರು. ಮಂಡಿ ಹಲಗೆಗೆ ಬಡಿಯುವ ಸದ್ದು ಕೇಳುತ್ತಿತ್ತು, ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು: "ಸಾಕು, ನಿಲ್ಸಿ! ಕೊಡ್ತೀವಿ!"

"ಯಾರ್ಯಾರು ಕೊಡ್ತೀರಿ, ಕೈ ಎತ್ತಿ," ಎಂದರು ಸುಬ್ಬಣ್ಣ, ತಿರುಗುತ್ತಲೇ. ಸಭೆಯ ತುಂಬ ಕೈಗಳೆದ್ದ ಮೇಲೆಯೇ ತಿರುಗುವುದನ್ನು ನಿಲ್ಲಿಸಿದರು. ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಲು ಮೂವರು ಬೇಕಾಯಿತು.

ಮುಂದಿನ ವಾರ ಉಳಿದ ಹಣ ಕೂಡಿಸಲು ಹೊಸನಗರಕ್ಕೂ ತೀರ್ಥಹಳ್ಳಿಗೂ ಹೊರಟಿದ್ದೇವೆ. ತಾವೂ ಬರುತ್ತೇನೆಂದು ಸುಬ್ಬಣ್ಣ ಹಟ ಹಿಡಿದಿದ್ದಾರೆ, ಬೇಡವೆಂದಿದ್ದೇವೆ. ಕೊಳವನ್ನಂತೂ ಕಟ್ಟಿಯೇ ತೀರುತ್ತೇವೆ. ಆದರೆ ಆ ಮಧ್ಯಾಹ್ನ ನಾನು ಅವರ ತೋಳು ಬಿಟ್ಟಿದ್ದು ಅವರ ಮಾತಿಗೆ ಸೋತೋ, ಕೊಳದ ಆಸೆಗೋ, ನನಗೆ ಗೊತ್ತಿಲ್ಲ.