ಏಣಿ ಹತ್ತಿ ಅಪ್ಪನ ಹೆಸರು ಉಳಿಸಿಕೊಂಡದ್ದು

ಮನುಷ್ಯನು ತಾನು ಇಂಥವನೇ ಎಂದು ಲೋಕದ ಮುಂದೆ ಸ್ಥಾಪಿಸುವುದು ಸಾಮಾನ್ಯ ಕಾರ್ಯವಲ್ಲ. ಚಕ್ರವರ್ತಿಗಳೂ ಇದರಲ್ಲಿ ಹಿಂದೆ ಬಿದ್ದಿದ್ದಾರೆ. ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ಬುದ್ಧಿಮಾತು ಕೆತ್ತಿಸಿದ ದೊರೆಯೊಬ್ಬ ಬಹುತೇಕ ಕಡೆ ಬಿರುದನ್ನಷ್ಟೇ ಬರೆಸಿ, ಹೆಸರು ಹಾಕಿಸುವುದನ್ನು ಬಿಟ್ಟಿದ್ದ. ನಮ್ಮ ಮಸ್ಕಿಯ ಬಂಡೆಯೊಂದು ಹೆಸರು ಹಿಡಿದು ಸಾಕ್ಷಿ ನುಡಿದ ಮೇಲೆಯೇ ಪಂಡಿತರು ಅವನನ್ನು ಅವನೆಂದು ಒಪ್ಪಿದ್ದು. ಅದಕ್ಕೆ ಎರಡು ಸಾವಿರ ವರ್ಷಗಳ ಮೇಲೆ ಹಿಡಿಯಿತು. ನನ್ನ ಪ್ರಕರಣ ಇಪ್ಪತ್ತಾರು ದಿನಕ್ಕೆ ಮುಗಿಯಿತು. ಆದರೆ ಅವನಿಗೆ ಯಾರೂ ಆಧಾರ್ ಕಾರ್ಡ್ ಹಿಡಿದು ಏಣಿ ಹತ್ತು ಎಂದಿರಲಿಲ್ಲ.

ಸಿಂಧನೂರಿನಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಹೆಚ್ಚಿನ ಕೆಲಸ ಲಗ್ನಪತ್ರಿಕೆಯದು. ಅಪ್ಪ ಹಾಕಿದ ಪ್ರೆಸ್. ಅವರ ಹೆಸರಿನ ಮುಂದೆ ‘ಪ್ರೆಸ್’ ಎಂದು ಸೇರಿಸಿದರೆ ಅಂಗಡಿಯ ಹೆಸರು. ಹನ್ನೊಂದು ವರ್ಷದ ಹಿಂದೆ, ಕಾಲದ ಜೊತೆ ನಡೆಯಬೇಕೆಂಬ ಹುರುಪಿನಲ್ಲಿ ಅದೇ ಹೆಸರಿನಲ್ಲಿ ವೆಬ್‌ಸೈಟ್ ಮಾಡಿಸಿದೆ. ಜವಳಗೇರಾದವರು, ಬಳಗಾನೂರಿನವರು ಊರಲ್ಲೇ ಕುಳಿತು ಫೋನಿನಲ್ಲಿ ನಮೂನೆ ನೋಡುತ್ತಾರೆ. ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಳಿ ಮನೆಗಳವರು, ಮದುವೆಗೆ ಶುಭವೆಂದು, ಚಿಟ್ಟೆಯ ಚಿತ್ರವಿರುವ ಕಾರ್ಡನ್ನೇ ಹುಡುಕಿ ಆರಿಸುತ್ತಾರೆ. ನಾನು ಅಚ್ಚು ಹಾಕಿದ ಪ್ರತಿಯೊಂದು ಲಗ್ನಪತ್ರಿಕೆಯ ಕೆಳತುದಿಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ, ಆ ವೆಬ್‌ಸೈಟಿನ ವಿಳಾಸವಿದೆ.

ಈ ವಿಳಾಸದ ಹೆಸರಿಗೆ ಡೊಮೇನ್ ಎನ್ನುತ್ತಾರೆ. ಅದು ಯಾರ ಸ್ವಂತದ್ದೂ ಅಲ್ಲ; ಒಂದು ಕಂಪನಿಯಲ್ಲಿ ನೋಂದಾಯಿಸಿ ವರ್ಷ ವರ್ಷ ನವೀಕರಿಸಿಕೊಳ್ಳಬೇಕು. ಹೋದ ವರ್ಷ ಲಗ್ನದ ಹಂಗಾಮು ಜೋರಾಗಿದ್ದಾಗ ನಾನು ನೋಂದಾಯಿಸಿದ್ದ ಕಂಪನಿ ಅಂಗಡಿ ಮುಚ್ಚುವುದಾಗಿ ತಿಳಿಸಿತು. ಮೂವತ್ತು ದಿನದೊಳಗೆ ಹೆಸರನ್ನು ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ, ಇಲ್ಲವಾದರೆ ಅದು ಯಾರ ಪಾಲಾದರೂ ನಾವು ಹೊಣೆಯಲ್ಲ ಎಂಬುದು ಪತ್ರದ ತಾತ್ಪರ್ಯ.

“ಹೋದ್ರ ಹೋಗ್ಲಿ ಬಿಡು, ಹೊಸಾ ಹೆಸರು ತಗೊಂಡ್ರಾತು” ಎಂದು ಮನೆಯಲ್ಲಿ ಉದಾರವಾಗಿ ನುಡಿದೆ.

ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಆ ಅಕ್ಕಿ ಮಿಲ್ಲಿನವರದು ಏನಾತು ಮರತ್ರೇನು? ಅವರ ಹೆಸರು ಯಾರೋ ಹಿಡಕೊಂಡು ಇಸ್ಪೀಟ್ ಆಟ ಇಟ್ಟಾರ. ನಾಳೆ ಬೀಗರು ಪತ್ರಿಕಿ ನೋಡಿ ಫೋನ್ ಒತ್ತಿದ್ರ ರಾಜ, ರಾಣಿ, ಗುಲಾಮ ಬರ್ತಾರ. ಮ್ಯಾಲ ಮಾವಾರ ಹೆಸರು! ಎಲಿ ಅಡಿಕಿ ಸೈತ ಮುಟ್ಟಲಾರದ ಮನಷ್ಯಾ ಅವರು.”

ನನ್ನ ಔದಾರ್ಯ ಅಲ್ಲಿಗೆ ಮುಗಿಯಿತು. ಅಪ್ಪನ ಹೆಸರು ಜೂಜಿನ ಕಟ್ಟೆಯ ಮೇಲೆ ತೂಗುವುದನ್ನು ತಪ್ಪಿಸುವ ಭಾರ ನನ್ನ ಮೇಲೆ ಬಿತ್ತು.

ವರ್ಗಾವಣೆಗೆ ಹಳೆಯ ಕಂಪನಿಯಿಂದ ಒಂದು ರಹಸ್ಯ ಕೋಡ್ ಬೇಕು. ಅದು ಬರುವುದು ನೋಂದಣಿಯ ದಿನ ಕೊಟ್ಟ ಇ-ಮೇಲಿಗೆ. ಆ ಇ-ಮೇಲ್ ನನ್ನದಾಗಿರಲಿಲ್ಲ. ವೆಬ್‌ಸೈಟ್ ಮಾಡಿಕೊಟ್ಟ ಲಿಂಗಸುಗೂರಿನ ಕಂಪ್ಯೂಟರ್ ಸೆಂಟರಿನವನದು. ಮಸ್ಕಿಯ ಮೇಲೆ ಹೋಗುವ ಬಸ್ಸು ಹಿಡಿದೆ. ಬಂಡೆಯ ಊರು ದಾಟುವಾಗ ಕಿಟಕಿಯಿಂದ ಗುಡ್ಡದ ಕಡೆ ನೋಡಿದೆ, ಒಬ್ಬ ಸಹೋದ್ಯೋಗಿಯನ್ನು ನೋಡುವಂತೆ.

ಸೆಂಟರಿನವನು ಈಗ ಕಂಪ್ಯೂಟರ್ ಬಿಟ್ಟು ಸೋಲಾರ್ ಪಂಪು ಮಾರುತ್ತಾನೆ. ಪಾಸ್‌ವರ್ಡ್ ನೆನಪಿಸಿಕೊಳ್ಳಲು ಎರಡು ಚಹಾ ಬೇಕಾದವು. ಕೋಡನ್ನು ಪಂಪಿನ ಜಾಹೀರಾತಿನ ಹಿಂಬದಿಗೆ ಬರೆದುಕೊಟ್ಟು, ಫೋನನ್ನು ನನ್ನ ಕಡೆ ತಿರುಗಿಸಿದ.

“ಮಾಲಕರ ಹೆಸರು ನೋಡಿಕೊಳ್ರಿ ಸರ.”

ನೋಡಿದೆ. ಅಪ್ಪನ ಹೆಸರು.

“ಇದನ್ಯಾಕ ಹಾಕಿದ್ಯೋ?”

“ಯಾರ ಹೆಸರು ಹಾಕ್ಲಿ ಅಂತ ಕೇಳಿದ್ನಿಲ್ರಿ? ‘ಅಪ್ಪಾರದ್ದು ಹಾಕು, ಎಲ್ಲಾ ಅವರ ಹೆಸರಿನ್ಯಾಗ ಐತಿ’ ಅಂದ್ರಿ.”

“ಅವರು ತೀರಿಕೊಂಡು ಆಗ ನಾಕು ವರ್ಷ ಆಗಿತ್ತಲ್ಲೋ!”

“ಅದನ್ನ ನೀವೂ ಹೇಳ್ಲಿಲ್ಲ, ಫಾರಂನ್ಯಾಗೂ ಕೇಳ್ಲಿಲ್ಲ.”

ಅವನದು ತಪ್ಪೆನ್ನಲಾರೆ. ನಮ್ಮ ಕಡೆ ಹಿರಿಯರು ಹೋದರೆ ಅವರ ಮಂಚ ತೆಗೆಯುತ್ತಾರೆ, ಹೆಸರು ತೆಗೆಯುವುದಿಲ್ಲ. ಕರೆಂಟ್ ಬಿಲ್ಲು ಇಂದಿಗೂ ಅಪ್ಪನಿಗೆ ಬರುತ್ತದೆ, ನಳದ ಚೀಟಿ ಅಜ್ಜನಿಗೆ. ಮೀಟರ್ ನೋಡುವವನು ಹೊರಗೆ ನಿಂತು ಅಪ್ಪನ ಹೆಸರು ಕೂಗಿದರೆ ನಾನು ಒಳಗಿನಿಂದ “ಬಂದೆ” ಎನ್ನುತ್ತೇನೆ. ಇಷ್ಟು ವರ್ಷದಲ್ಲಿ ಇಬ್ಬರಿಗೂ ಅದರಲ್ಲಿ ವಿಚಿತ್ರ ಕಂಡಿಲ್ಲ. ಅಪ್ಪ ಹೋದ ವರ್ಷವೇ ಮೀಟರನ್ನು ತನ್ನ ಹೆಸರಿಗೆ ಮಾಡಿಕೊಳ್ಳುವ ಮಗನನ್ನು ಓಣಿ ಒಂದು ಥರ ನೋಡುತ್ತದೆ.

ಹೊಸ ಕಂಪನಿಗೆ ಕೋಡ್ ಕೊಟ್ಟೆ. ಮರುದಿನ ಅಲ್ಲಿಂದ ಹುಡುಗಿಯೊಬ್ಬಳ ಫೋನು, ಬೆಂಗಳೂರಿನ ಕನ್ನಡದಲ್ಲಿ.

“ಸರ್, ಗುರುತಿನ ಪರಿಶೀಲನೆ ಬಾಕಿ ಇದೆ. ಮಾಲೀಕರು ಒಂದು ವಿಡಿಯೋ ಕಳಿಸಬೇಕು. ಮುಖ ಎಡಕ್ಕೆ, ಬಲಕ್ಕೆ ತಿರುಗಿಸಿ ಎರಡು ಸಲ ಕಣ್ಣು ಮಿಟುಕಿಸಿದರೆ ಸಾಕು.”

“ಅವರು ಕಣ್ಣು ಮುಚ್ಚಿ ಹದಿನಾಕು ವರ್ಷ ಆತವ್ವಾ.”

“ಸಾರಿ ಸರ್. ಹಾಗಾದರೆ ಮರಣ ಪ್ರಮಾಣಪತ್ರ ಕಳಿಸಿ.”

ಕಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಫೋನು. ಈ ಸಲ ದನಿ ತಗ್ಗಿತ್ತು.

“ಸರ್, ಒಂದು ಸಣ್ಣ ತೊಂದರೆ. ನಿಮ್ಮ ತಂದೆಯವರು ತೀರಿಕೊಂಡ ನಾಲ್ಕು ವರ್ಷದ ಮೇಲೆ ಡೊಮೇನ್ ತಗೊಂಡಿದ್ದಾರೆ.”

“ಹೌದವ್ವಾ.”

“ಅದು ಹೇಗೆ ಅಂತ ನಮ್ಮ ಮೇಲಿನವರು ಕೇಳ್ತಿದ್ದಾರೆ.”

ಬದುಕಿರುವವರೆಗೆ ಕಂಪ್ಯೂಟರನ್ನು ಮುಟ್ಟದ ಅಪ್ಪ, ಆಮೇಲೆ ಮಾಡಿದ ಈ ಸಾಹಸವನ್ನು ಹೇಗೆಂದು ವಿವರಿಸಲಿ? ಅವರ ಮರಣಕ್ಕೆ ಸಾಕ್ಷಿಯಾಗಿ ನಾನು ಕೊಟ್ಟ ಕಾಗದವೇ ಅವರನ್ನು ಆರೋಪಿಯನ್ನಾಗಿ ಮಾಡಿತ್ತು.

“ಹಂಗಾರ ಮೊದಲು ನನ್ನ ಹೆಸರಿಗೆ ಮಾಡಿಕೊಂಡು, ಆಮ್ಯಾಲ ತರ್ಲೇನು?”

“ಮಾಡಬಹುದು ಸರ್. ಆದರೆ ಹೆಸರು ಬದಲಾದ ಮೇಲೆ ಅರವತ್ತು ದಿನ ಡೊಮೇನ್ ಎಲ್ಲಿಗೂ ಹೋಗೋ ಹಾಗಿಲ್ಲ.”

ಹಳೆಯ ಕಂಪನಿ ಮುಚ್ಚಲು ಹನ್ನೆರಡು ದಿನ ಉಳಿದಿದ್ದವು. ಆ ರಾಜ, ರಾಣಿ, ಗುಲಾಮ ಮೂವರೂ ಅಪ್ಪನ ಬೋರ್ಡಿನ ಕೆಳಗೆ ಚಾಪೆ ಹಾಸುತ್ತಿರುವಂತೆ ಕಂಡಿತು. ಹುಡುಗಿ ಫೋನ್ ಇಡಲಿಲ್ಲ. ಅತ್ತ ಕೀಲಿಗಳ ಸಪ್ಪಳ ಕೇಳುತ್ತಿತ್ತು.

“ಸರ್, ಸಂಸ್ಥೆ ಅನ್ನೋ ಕಾಲಂನಲ್ಲೂ ಏನೋ ತುಂಬಿದೆ. ಅದೇ ಹೆಸರು, ಮುಂದೆ ‘ಪ್ರೆಸ್’ ಅಂತ ಇದೆ.”

“ಅದು ನಮ್ಮ ಅಂಗಡಿ.”

“ಅಯ್ಯೋ, ಹಾಗಾದರೆ ನಿಯಮದ ಪ್ರಕಾರ ಮಾಲೀಕರು ನಿಮ್ಮ ತಂದೆ ಅಲ್ಲ ಸರ್, ಪ್ರೆಸ್ಸು. ಅದು ಇದೆ ತಾನೇ?”

“ಐತವ್ವಾ. ಅದರಾಗ ಕುಂತ ಮಾತಾಡಾಕತ್ತೀನಿ.”

ಬೇಕಾದದ್ದು ಎರಡು. ಒಂದು, ನಗರಸಭೆಯ ಪರವಾನಗಿ. ಅದನ್ನು ಪ್ರತಿ ವರ್ಷ ಪ್ರೆಸ್ ನಡೆಸುವವನೆಂದು ನಾನೇ ಸಹಿ ಮಾಡಿ ನವೀಕರಿಸುತ್ತೇನೆ, ತೊಂದರೆಯಿಲ್ಲ. ಎರಡು, ಒಂದು ಫೋಟೋ: ಅಂಗಡಿಯ ಬೋರ್ಡು, ನನ್ನ ಮುಖ, ಕೈಯಲ್ಲಿ ಆಧಾರ್ ಕಾರ್ಡ್, ಮೂರೂ ಒಂದರಲ್ಲೇ, ಮೂರೂ ಸ್ಪಷ್ಟವಾಗಿ ಕಾಣುವಂತೆ.

ಅಪ್ಪ ಬೋರ್ಡನ್ನು ಬಸ್ಸಿನಲ್ಲಿ ಹೋಗುವವರಿಗೂ ಕಾಣಲೆಂದು ಎತ್ತರಕ್ಕೆ ಹಾಕಿಸಿದ್ದರು. ನಾನು ನೆಲದ ಮೇಲೆ ನಿಂತರೆ ಬೋರ್ಡು ಬರುತ್ತಿತ್ತು, ನಾನು ಕಡ್ಲಿ ಕಾಳಿನಷ್ಟಾಗುತ್ತಿದ್ದೆ. ಪಕ್ಕದ ಟೈರ್ ಅಂಗಡಿಯ ಚಾಚಾ, ಅಪ್ಪನ ಕಾಲದಿಂದಲೂ ನೆರೆಯವರು, ಪರಿಸ್ಥಿತಿಯನ್ನು ಅರಿತು ಏಣಿ ತಂದರು. ಹತ್ತಿದೆ. ಅವರು ಎದುರಿಗಿನ ಟ್ರ್ಯಾಕ್ಟರ್ ಟ್ರೇಲರ್ ಏರಿ ನಿಂತು ಫೋನ್ ಹಿಡಿದರು.

“ನಗಬ್ಯಾಡ್ರಿ ಭಾಯ್! ಕಾರ್ಡಿನ್ಯಾಗಿನ ಮುಖಕ್ಕ ಹೊಂದೂದಿಲ್ಲ. ಅಲ್ಲೆ ಹ್ಯಾಂಗ ಅಳುಮುಖ ಮಾಡೀರಿ, ಹಂಗ ಮಾಡ್ರಿ.”

ಮಾಡಿದೆ. ಬಿಸಿಲಿಗೆ ಕಾರ್ಡು ಹೊಳೆಯಿತೆಂದು ಮತ್ತೊಂದು. ಟೆಂಪೋ ಅಡ್ಡ ಬಂತೆಂದು ಮತ್ತೊಂದು. ಅಷ್ಟರಲ್ಲಿ ಮಗಳ ಪತ್ರಿಕೆ ಒಯ್ಯಲು ಬಳಗಾನೂರಿನಿಂದ ಬಂದ ಹಿರಿಯರೊಬ್ಬರು ಕೆಳಗೆ ನಿಂತು ಮೇಲೆ ನೋಡಿದರು.

“ಯಾಕ್ರೀ, ಸಾಹುಕಾರ್ರು ಮ್ಯಾಲ ಏರ್ಯಾರ?”

“ಇವರು ಇವರ ಹೌದೋ ಅಲ್ಲೋ ಅಂತ ಚೆಕ್ ನಡದೈತಿ” ಎಂದರು ಚಾಚಾ.

“ನಮ್ಮ ಪತ್ರಿಕಿ ಆಗ್ಯಾವಿಲ್ಲೋ?”

“ಆಗ್ಯಾವ, ಟೇಬಲ್ ಮ್ಯಾಲ ಅದಾವ್ರಿ” ಎಂದೆ, ತುಟಿ ಅಲುಗಿಸದೆ.

“ಹಂಗಾರ ಇವರು ಇವರ ಹೌದು ಬಿಡಪಾ” ಎಂದು ಹಿರಿಯರು ಒಳಗೆ ಹೋದರು.

ನನ್ನ ಗುರುತನ್ನು ತಕರಾರಿಲ್ಲದೆ ಒಪ್ಪಿದ ಮೊದಲನೆಯವರು ಅವರು. ಚಾಚಾ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. “ಕ್ಯಾ ಭಾಯ್, ಬೋರ್ಡಿನ ಬಾಜೂಕ ನಿಂತ್ರ ಥೇಟ್ ನಿಮ್ಮ ಅಬ್ಬಾನ ನೋಡ್ರಿ. ಇವತ್ತಿಗೂ ಅವರ ಹೆಸರಿಲೇ ವಿಡಿಯೋ ಕಳಿಸಿದ್ರ ನಡೀತಿತ್ತು.”

ಇಳಿಯುವಾಗ ಬೋರ್ಡಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದೆ. ಅಷ್ಟು ಹತ್ತಿರದಿಂದ ಅದನ್ನು ನಾನು ಎಂದೂ ನೋಡಿರಲಿಲ್ಲ.

ಫೋಟೋ ಕಳಿಸಿದ ಐದನೆಯ ದಿನ ಡೊಮೇನ್ ಹೊಸ ಕಂಪನಿಗೆ ಬಂದು ಸೇರಿತು. ಇನ್ನು ಮಾಲೀಕರ ಹೆಸರನ್ನು ಯಾವಾಗ ಬೇಕಾದರೂ ಬದಲಿಸಿಕೊಳ್ಳಬಹುದು ಎಂದು ಹುಡುಗಿ ತಿಳಿಸಿದಳು. ಅದಾಗಿ ವರ್ಷವಾಗುತ್ತ ಬಂತು. ಆ ಕಾಲಂನಲ್ಲಿ ಅಪ್ಪನ ಹೆಸರಿದೆ.