ಎಲುಬಿನ ಶಬ್ದ ಕೇಳುತ್ತಿದ್ದ ವಾಮನಣ್ಣ

ವಾಮನಣ್ಣ ಮನೆಗೆ ಬಂದರೆ ನನ್ನ ಮುಖ ನೋಡುತ್ತಿರಲಿಲ್ಲ. ನೇರ ಬಂದು ಪ್ಲಾಸ್ಟರ್ ಹಾಕಿದ ಎಡಗಾಲಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. "ಖಾಲಿ ಶಬ್ದ. ಕೂಡ್ಲಿಲ್ಲ ಇನ್ನೂ" ಎನ್ನುತ್ತಿದ್ದರು.

ಅಲೆವೂರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟರ್ ಹಾಕುವ, ಕತ್ತರಿಸುವ ಕೆಲಸ ಮಾಡಿ ನಿವೃತ್ತರಾದವರು. ನಾನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ ಟೈಲರ್. ಮೂರು ತಿಂಗಳಾದರೂ ಎಲುಬು ಕೂಡಿರಲಿಲ್ಲ. ಇನ್ನೊಂದು ತಿಂಗಳು ನೋಡಿ ಆಪರೇಶನ್ ಎಂದಿದ್ದರು ಡಾಕ್ಟರು. ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದೆಯೆಂದು ಅದರ ಮಾತ್ರೆ, ಜೊತೆಗೆ ಕ್ಯಾಲ್ಸಿಯಂ ಬರೆದುಕೊಟ್ಟಿದ್ದರು. ನಾನು ಒಂದನ್ನೂ ತಪ್ಪಿಸದೆ ನುಂಗುತ್ತಿದ್ದೆ. ಕೂತಲ್ಲೇ ದಪ್ಪಗಾಗುತ್ತೇನೆಂದು ಊಟಕ್ಕೆ ಮಾತ್ರ ಗಂಜಿ, ಉಪ್ಪಿನಕಾಯಿ.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಸಂಜೆ ಊರುಗೋಲು ಊರಿಕೊಂಡು ಅವರ ಮನೆಗೆ ಹೋದೆ. ಬಾಳೆಲೆಯಲ್ಲಿ ಅನ್ನ, ಕೋಳಿ ಸಾರು, ಹುರಿದ ಬಂಗುಡೆ ಮೀನು. ಅಂಚಿನಲ್ಲಿ ಒಂದು ಬಿಳಿ ಮಾತ್ರೆ.

"ಇದೆಂತ ವಾಮನಣ್ಣ?"

"ಸುಂದರಿಯ ಕ್ಯಾಲ್ಸಿಯಂ ಅಲ್ವಾ" ಎಂದರು, ಹೆಂಡತಿ ಒಳಗೆಲ್ಲೋ ಇದ್ದಾರೆ ಎಂಬಂತೆ. ಸೊಂಟದ ಎಲುಬು ಮುರಿದು, ಅದು ಕೂಡದೆ, ಮಲಗಿದಲ್ಲೇ ತೀರಿಕೊಂಡವರು ಸುಂದರಿಯಕ್ಕ. "ಮಾತ್ರೆ ನುಂಗಿದ್ಲಾ ಅಂತ ದಿನಾ ನೋಡಿದೆ ಮಾರಾಯ್ತಿ. ಊಟ ಮಾಡಿದ್ಲಾ ಅಂತ ನೋಡ್ಲಿಲ್ಲ. ಬಟ್ಟಲಲ್ಲಿದ್ದದ್ದೆಲ್ಲ ಬೆಕ್ಕಿಗೆ ಹಾಕ್ತಿದ್ಲು. ಬರೀ ಮಾತ್ರೆಯಲ್ಲಿ ಎಲುಬು ಕೂಡ್ತದಾ? ಅಷ್ಟು ವರ್ಷ ಆಸ್ಪತ್ರೆಯಲ್ಲಿದ್ದು ನನಗೆ ಅದು ಗೊತ್ತಾಗ್ಲಿಲ್ಲ."

ಸತ್ತವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂತೆವು. ಸ್ವಲ್ಪ ಹೊತ್ತಿನ ಬಳಿಕ, ತೆರೆಯುವ ಮೊದಲು, ಅವರು ಬಾಗಿಲಿಗೆ ಎರಡು ಸಲ ತಟ್ಟಿ ಕಿವಿಯಿಟ್ಟರು. ನನ್ನ ಕಾಲಿಗೆ ತಟ್ಟುವಂತೆಯೇ.

"ಖಾಲಿ ಶಬ್ದ. ಅವಳದ್ದೂ ಕೂಡ್ಲಿಲ್ಲ ಇನ್ನೂ."

ಹೆದರಿಬಿಟ್ಟೆ. ಮರುದಿನದಿಂದ ಮೀನು, ಮೊಟ್ಟೆ, ಹೆಸರುಕಾಳು ಎಲ್ಲ ತಿಂದೆ. ಡಾಕ್ಟರು ಮೊದಲೇ ಹೇಳಿದ್ದೂ ಅದನ್ನೇ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೆ. ತಿಂಗಳ ಕೊನೆಗೆ ವಾಮನಣ್ಣ ಕಾಲಿಗೆ ತಟ್ಟಿದವರು ಬಹಳ ಹೊತ್ತು ಕಿವಿ ತೆಗೆಯಲಿಲ್ಲ. "ತುಂಬಿದ ಶಬ್ದ ಉಂಟು" ಎಂದರು. ಎರಡು ದಿನ ಬಿಟ್ಟು ಎಕ್ಸ್‌ರೇಯೂ ಹಾಗೆಯೇ ಹೇಳಿತು. ಊಟದಿಂದಲೋ, ಮಾತ್ರೆಯಿಂದಲೋ, ಬರೀ ದಿನ ಕಳೆದದ್ದರಿಂದಲೋ, ಡಾಕ್ಟರೂ ಖಂಡಿತವಾಗಿ ಹೇಳಲಿಲ್ಲ. ಆಪರೇಶನ್ ತಪ್ಪಿತು.

ಈ ಬೇಸಗೆಯಲ್ಲಿ ವಾಮನಣ್ಣ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಆಟಿ ಬಂದಾಗ ಮನಸ್ಸು ತಡೆಯದೆ ನಾನೇ ಅವರ ಮನೆಯಲ್ಲಿ ಎರಡು ಎಲೆ ಹಾಕಿ ಬಡಿಸಿದೆ. ಸುಂದರಿಯಕ್ಕನ ಎಲೆಯ ಅಂಚಿಗೆ ಮಾತ್ರೆ ಇಡುವಾಗ ನಾಚಿಕೆಯಾಯಿತು, ಆದರೂ ಇಟ್ಟೆ. ಬಾಗಿಲು ಮುಚ್ಚಿ ಕೂತೆ. ಆಮೇಲೆ ಎರಡು ಸಲ ತಟ್ಟಿ ಕಿವಿಯಿಟ್ಟೆ.

ನನ್ನದೇ ಕಾಲಿನಲ್ಲಿ ಕೇಳಿ ಕಲಿತ ಶಬ್ದ, ತಪ್ಪುವಂತಿಲ್ಲ. ಒಳಗೆ ತುಂಬಿತ್ತು.

ತೆರೆಯಲು ಕೈ ಬರಲಿಲ್ಲ. "ನಿಧಾನ ಊಟ ಮಾಡಿ" ಎಂದು ಹೇಳಿ ಹೊರಗೆ ಕೂತೆ.