ಚಿಕ್ಕಮ್ಮನ ಗೆರೆಗೆ ಸಿಕ್ಕ ‘ಸರಿ’

ನನ್ನ ಚಿಕ್ಕಮ್ಮ ಐವತ್ತೆಂಟನೇ ವಯಸ್ಸಿನಲ್ಲಿ ಗೆರೆ ಎಳೆಯಲು ಕಲಿತಳು. ಚಿತ್ರವಲ್ಲ, ಬರೀ ಗೆರೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕಿದವಳು. ಕೆಲಸ ಬಿಟ್ಟ ಮರುವಾರವೇ ಒಂದು ಪೆನ್ಸಿಲ್, ಒಂದು ಕಟ್ಟು ಬಿಳಿ ಹಾಳೆ ತಂದು ಊಟದ ಮೇಜಿನ ಮೇಲಿಟ್ಟಳು.

"ಈ ವಯಸ್ಸಲ್ಲಿ ಇದೇನು ಹುಚ್ಚು?" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು.

"ಅಕ್ಕನ ಮುಖ ಬರೀಬೇಕು ಕಣೇ, ಪೂರ್ತಿ ಮರೆತು ಹೋಗೋಕೆ ಮುಂಚೆ."

ಅವಳ ಅಕ್ಕ ಎಂದರೆ ನನ್ನ ಅಮ್ಮ. ನನಗೆ ಹತ್ತು ತಿಂಗಳಿದ್ದಾಗ ತೀರಿಕೊಂಡಳು. ಮನೆಯಲ್ಲಿರುವುದು ಒಂದೇ ಫೋಟೋ. ಅದರಲ್ಲೂ ಯಾರೋ ಕರೆದರೆಂದು ಅಮ್ಮ ಸರಿಯಾಗಿ ಕ್ಲಿಕ್ಕಿಸುವ ಹೊತ್ತಿಗೇ ತಿರುಗಿದ್ದಾಳೆ. ಮುಖ ಇರಬೇಕಾದ ಕಡೆ ಬಿಳಿ ಮಸುಕು. ನನ್ನನ್ನು ಎತ್ತಿ ಆಡಿಸಿದವಳು, ತನ್ನ ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿ ನನ್ನನ್ನು ಸಾಕಿದವಳು ಚಿಕ್ಕಮ್ಮ. ಅಮ್ಮನನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವಳೂ ಅವಳೊಬ್ಬಳೇ.

ಎರಡು ಬೀದಿ ಆಚೆ ಒಬ್ಬ ಮುದುಕ ಡ್ರಾಯಿಂಗ್ ಮೇಷ್ಟ್ರಿದ್ದರು. ಒಂಟಿ ಮನುಷ್ಯ. ಅವರ ಬಾಯಲ್ಲಿ ಒಂದು ಹೊಗಳಿಕೆ ಬರಬೇಕಾದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಬೇಕು. ಹಾಗಾಗಿ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಕೈಕೊಟ್ಟಿದ್ದರು.

"ಮುಖಾನಾ? ಸದ್ಯಕ್ಕೆ ಅದರ ಸುದ್ದಿ ಎತ್ತಬೇಡಿ ಅಮ್ಮಾ" ಎಂದರಂತೆ. "ಎರಡು ಚುಕ್ಕಿ ಇಡಿ. ಪೆನ್ಸಿಲ್ ತಾಗಿಸದೆ ಗಾಳೀಲೇ ಕೈ ಆಡಿಸಿ. ಆಮೇಲೆ ಒಂದೇ ಸಲಕ್ಕೆ ಎಳೀರಿ. ತಪ್ಪಾದ್ರೂ ಅಳಿಸೋ ಹಾಗಿಲ್ಲ."

ಪ್ರತಿ ಶನಿವಾರ ಮಧ್ಯಾಹ್ನ ಚಿಕ್ಕಮ್ಮ ಹಾಳೆ ಒಯ್ಯುತ್ತಿದ್ದಳು, ಮೇಷ್ಟ್ರು ಕೆಂಪು ಪೆನ್ಸಿಲ್ ತೆಗೆಯುತ್ತಿದ್ದರು. ಮೊದಲ ವಾರ ‘ಗೆರೆ ಹೆದರಿದೆ’ ಎಂದು ಬರೆದರು. ಎರಡನೇ ವಾರ ‘ಮಣಿಕಟ್ಟಲ್ಲ, ಭುಜ’. ಅವಳಿಗೆ ಅರ್ಥವಾಗಲಿಲ್ಲ. "ಇಸ್ತ್ರಿ ಹೇಗೆ ಹಾಕ್ತಿದ್ರಿ, ತೋರಿಸಿ" ಎಂದರು ಮೇಷ್ಟ್ರು. ಅವಳು ಬರಿಗೈಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ತಳ್ಳಿದಳು. "ಹಾಂ, ಅದೇ!" ಅಂದಿನಿಂದ ಅವಳ ಗೆರೆ ನೆಟ್ಟಗಾಯಿತು.

ಆಮೇಲೆ ಮೊಟ್ಟೆಯಾಕಾರಗಳು. ಆಮೇಲೆ ಪೆಟ್ಟಿಗೆಗಳು, ಇನ್ನೂರೈವತ್ತು ಪೆಟ್ಟಿಗೆಗಳು. ಮೇಷ್ಟ್ರು ಒಂದೊಂದು ಪೆಟ್ಟಿಗೆಯ ಅಂಚನ್ನೂ ಕೆಂಪಿನಲ್ಲಿ ಮುಂದಕ್ಕೆ ಎಳೆದು, ‘ಇವು ದೂರದಲ್ಲಿ ಒಂದೇ ಕಡೆ ಸೇರಬೇಕಿತ್ತು, ಸೇರಿಲ್ಲ’ ಎಂದು ಬರೆಯುತ್ತಿದ್ದರು. ಚಿಕ್ಕಮ್ಮ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಶುರು ಮಾಡುತ್ತಿದ್ದಳು: "ಆ ಮುದುಕನ ಕಣ್ಣೋ ಭೂತಗನ್ನಡಿಯೋ! ಕೂದಲೆಳೆಯಷ್ಟು ತಪ್ಪನ್ನೂ ಬಿಡಲ್ಲ." ಬೈದು ಮುಗಿಸಿ ಮತ್ತೆ ಚುಕ್ಕಿ ಇಡುತ್ತಿದ್ದಳು. ಮೇಷ್ಟ್ರು ಒಂದು ಸಲ ‘ಸರಿ’ ಎಂದು ಬರೆಯುವವರೆಗೆ ಅಕ್ಕನ ಮುಖಕ್ಕೆ ಕೈ ಹಚ್ಚುವುದಿಲ್ಲ ಎಂಬುದು ಅವಳ ಹಟ.

ಎಂಟನೇ ತಿಂಗಳು ಆ ‘ಸರಿ’ ಬಂತು. ಮಗುವಿನ ಹಾಗೆ ಹಾಳೆ ಬೀಸಿಕೊಂಡು ಮೆಟ್ಟಿಲು ಹತ್ತಿದಳು. ಮರುವಾರವೂ ‘ಸರಿ’, ಅದರ ಮರುವಾರವೂ. ಆಮೇಲೆ ದಪ್ಪ ಹಾಳೆ ತಂದು, ನನಗೂ ತೋರಿಸದೆ, ಒಂದು ತಿಂಗಳು ಕೂತು ಅಮ್ಮನ ಮುಖ ಬರೆದಳು.

ಆ ಶನಿವಾರ ನಾನೂ ಜೊತೆಗೆ ಹೋದೆ. ಗಡಿಬಿಡಿಯಲ್ಲಿ ಚಿಕ್ಕಮ್ಮ ಹಾಳೆಯನ್ನು ಮೇಜಿನ ಮೇಲೆ ಬೋರಲು ಇಟ್ಟಳು. ತಿರುಗಿಸಬೇಕು ಅನ್ನುವಷ್ಟರಲ್ಲಿ ಮೇಷ್ಟ್ರು ಅದನ್ನು ಹತ್ತಿರಕ್ಕೆ ಎಳೆದುಕೊಂಡು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಬೆರಳಿನಿಂದ ಹಾಳೆಯ ಮೂಲೆ ಹುಡುಕಿ, ಏನೂ ಇಲ್ಲದ ಆ ಖಾಲಿ ಹಿಂಬದಿಯಲ್ಲಿ ಬರೆದರು: ‘ಚೆನ್ನಾಗಿದೆ. ಎಲ್ಲೂ ಭಯವಿಲ್ಲ.’

ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಕೈ ಹಿಡಿದು ಅದುಮಿದಳು.

"ತುಂಬ ಉಪಕಾರ ಆಯ್ತು ಮೇಷ್ಟ್ರೇ" ಎಂದಳು.

"ಮುಂದಿನ ಶನಿವಾರ ಬರ್ತೀರಲ್ಲ?"

"ಬರದೆ ಎಲ್ಲಿಗೆ ಹೋಗ್ಲಿ?"

ಮನೆಗೆ ಬಂದು ಹಳೆಯ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಆಗ ಕಾಣಿಸಿತು. ‘ಸರಿ’ ಬರುವುದಕ್ಕೆ ಮುಂಚಿನ ಎರಡು ತಿಂಗಳಿಂದಲೇ ಕೆಂಪು ಗೆರೆಗಳು ಪೆಟ್ಟಿಗೆಗಳನ್ನು ಬಿಟ್ಟು ಬೆರಳಗಲ ಪಕ್ಕಕ್ಕೆ ಬಿದ್ದಿದ್ದವು. ಅವಳಿಗೆ ಸಿಕ್ಕ ಒಂದೊಂದು ‘ಸರಿ’ಯೂ ಮೇಷ್ಟ್ರ ಕಣ್ಣು ಹೋದ ಮೇಲಿನದು.

ನನಗೆ ಮೈ ಉರಿಯಿತು. "ಕಾಣಲ್ಲ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ಅವರಿಗೆ? ಇಷ್ಟು ಕಷ್ಟಪಟ್ಟವಳಿಗೆ ಸುಳ್ಳು ಬರೆದುಕೊಡೋದಾ?"

"ಹೇಳಿದ್ರೆ ನಾನೂ ಬರೋದು ಬಿಟ್ಟುಬಿಡ್ತೀನಿ ಅಂತ ಹೆದರಿರಬೇಕು. ಇನ್ಯಾರಿದ್ದಾರೆ ಅವರಿಗೆ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ದಪ್ಪ ಹಾಳೆಯನ್ನು ಮಗುಚಿ ನನ್ನ ಮುಂದಿಟ್ಟಳು. ಇಪ್ಪತ್ತೈದರ ಆಸುಪಾಸಿನ ಹೆಂಗಸು. ತೆಳು ಹುಬ್ಬು. ಕೆಳತುಟಿ ಒಂದಿಷ್ಟು ಎಡಕ್ಕೆ ಎಳೆದು, ಏನೋ ಹೇಳಲು ಹೊರಟವಳು. ನಲವತ್ತು ವರ್ಷ ನಾನು ಈ ಮುಖಕ್ಕಾಗಿ ಹಂಬಲಿಸಿದ್ದೆ. ಈಗ ಎದುರಿಗಿತ್ತು, ಇದು ಅವಳೇ ಹೌದೋ ಅಲ್ಲವೋ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

"ಬರೀತಾ ಬರೀತಾ ನಂಗೇ ಗೊತ್ತಾಗದೆ ಹೋಯ್ತು ಕಣೇ" ಎಂದಳು ಚಿಕ್ಕಮ್ಮ. "ಈಗ ಕಣ್ಣು ಮುಚ್ಚಿದ್ರೆ ಈ ಕಾಗದದ ಮುಖಾನೇ ಬರುತ್ತೆ. ಮೊದಲು ಇದ್ದಿದ್ದು ಹೋಗಿಬಿಟ್ಟಿದೆ. ನೀನಾದ್ರೂ ನೋಡಿ ಹೇಳು. ಅಕ್ಕನ ಹಾಗಿದೆಯಾ?"

ಯಾರನ್ನು ಕೇಳುತ್ತಿದ್ದೇನೆ ಎಂಬುದು ಅವಳಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲವೋ ಏನೋ. ಶನಿವಾರಗಳಲ್ಲಿ ಮೇಷ್ಟ್ರ ಮುಂದೆ ಕೂತಂತೆಯೇ, ಕೈಗಳನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದಳು. ನಾನು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಗ್ಗಿ ನೋಡಿದೆ. ತುಂಬ ಹೊತ್ತು ನೋಡಿದೆ.

"ಸರಿಯಾಗಿದೆ ಚಿಕ್ಕಮ್ಮ. ಅಮ್ಮನೇ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಅದುಮಿದಳು.

"ತುಂಬ ಉಪಕಾರ ಆಯ್ತು" ಎಂದಳು.